ರೈತನ ಲೆಕ್ಕವೂ ರೈತನ ಗುಟ್ಟೂ: ಯಂತ್ರಬುದ್ಧಿಗೆ ಮಾಹಿತಿ ಒದಗಿಸುವಲ್ಲಿ ತಿಳಿಯತಕ್ಕ ವಿಷಯಗಳು

ಒಕ್ಕಲುತನಕ್ಕೆ ಲೆಕ್ಕವು ಎಷ್ಟು ಅಗತ್ಯವೋ ಗುಟ್ಟೂ ಅಷ್ಟೇ ಅಗತ್ಯವೆಂಬುದನ್ನು ಊರಿನ ಹಿರಿಯರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹೊಲದಲ್ಲಿ ಎಷ್ಟು ಚೀಲ ಜೋಳ ಬಂದಿತು, ಅದರ ಮೇಲೆ ಎಷ್ಟು ಸಾಲವಿದೆ, ಭಾವಿಯ ನೀರು ಯಾವ ತಿಂಗಳಲ್ಲಿ ಬತ್ತಿತು ಎಂಬೀ ಸಂಗತಿಗಳು ಒಡೆಯನಿಗೆ ತಿಳಿದಿರುತ್ತವೆ. ನೆರೆಯವರಿಗೂ ಸ್ವಲ್ಪಮಟ್ಟಿಗೆ ತಿಳಿದಿರುತ್ತವೆ. ಆದರೆ ಇವನ್ನು ಚಾವಡಿಯ ಕಟ್ಟೆಯ ಮೇಲೆ ನಿಂತು ಯಾರೂ ಸಾರುವುದಿಲ್ಲ. ಸಾಲದ ಮೊತ್ತವು ಅಡತಿಯವನಿಗೆ ತಿಳಿದರೆ ಮಾಲಿನ ಧಾರಣೆ ಇಳಿಯುವುದು. ಭಾವಿ ಬತ್ತಿದ ಸುದ್ದಿ ಹಬ್ಬಿದರೆ ಕೈಗಡ ಹುಟ್ಟದು. ಮನೆಯವರ ಕಾಯಿಲೆಯ ಸಂಗತಿ ಹೊರಬಿದ್ದರೆ ಮಕ್ಕಳ ಸಂಬಂಧಗಳಿಗೆ ತೊಡಕಾಗುವುದು. ಗುಟ್ಟೆಂಬುದು ಕಪಟವಲ್ಲ; ಅದು ಮನೆತನದ ಮರ್ಯಾದೆಗೂ ವ್ಯವಹಾರಕ್ಕೂ ಕಟ್ಟಿದ ಬೇಲಿ.

ಹೀಗಿರುವಲ್ಲಿ, ಇತ್ತೀಚಿನ ವರ್ಷಗಳಲ್ಲಿ ಈ ಲೆಕ್ಕಗಳು ಒಂದೊಂದಾಗಿ ಗಣಕಯಂತ್ರಗಳನ್ನು ಸೇರುತ್ತಿವೆ. ಅವುಗಳನ್ನು ಓದಿ ಕಲಿತು ಬಿತ್ತನೆ, ಕೀಟ, ಧಾರಣೆ, ವಿಮೆ ಮೊದಲಾದ ವಿಷಯಗಳಲ್ಲಿ ಸಲಹೆ ಹೇಳತಕ್ಕ ಯಂತ್ರಬುದ್ಧಿಯೂ ಬಳಕೆಗೆ ಬಂದಿದೆ. ಕೊಡುವ ಮಾಹಿತಿಯಿಂದ ಪ್ರಯೋಜನವೂ ಉಂಟು, ಅಪಾಯವೂ ಉಂಟು. ಅಪಾಯವನ್ನು ತಗ್ಗಿಸಿ ಪ್ರಯೋಜನವನ್ನು ಪಡೆಯುವ ಉಪಾಯಗಳು ಯಾವುವು, ಅವುಗಳ ಬಲವೆಷ್ಟು, ಮಿತಿಯೆಷ್ಟು, ಈ ವಿಷಯದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಗ್ರಾಮಪ್ರಮುಖರೂ ಭೂಮಾಲಿಕರೂ ಮಾಡತಕ್ಕ ಕೆಲಸವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈಗ ಸೇರಿರುವ ಲೆಕ್ಕಗಳು

ಪೂರ್ವದಲ್ಲಿ ಜಮೀನಿನ ಲೆಕ್ಕವು ಗ್ರಾಮಲೆಕ್ಕಿಗರ ದಫ್ತರದಲ್ಲಿ ಬಟ್ಟೆಯ ಗಂಟಿನೊಳಗೆ ಇರುತ್ತಿತ್ತು. ಕಾಣಬೇಕೆಂದವನು ಅಲ್ಲಿಗೆ ಹೋಗಬೇಕಾಗಿತ್ತು. ೨೦೦೦ನೆಯ ಇಸವಿಯ ಸುಮಾರಿಗೆ ಭೂಮಿ ಎಂಬ ಯೋಜನೆಯಿಂದ ಈ ರಾಜ್ಯದ ಸುಮಾರು ೬೭ ಲಕ್ಷ ರೈತರಿಗೆ ಸೇರಿದ ೨ ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಅದರ ತರುವಾಯ ಫ್ರೂಟ್ಸ್ ಎಂಬ ನೋಂದಣಿ ಬಂದಿತು. ಇದರಲ್ಲಿ ಪ್ರತಿಯೊಬ್ಬ ರೈತನಿಗೂ ಒಂದು ಸಂಖ್ಯೆಯಿದ್ದು, ಅದಕ್ಕೆ ಅವನ ಆಧಾರ್ ಸಂಖ್ಯೆ, ಜಮೀನು, ಬ್ಯಾಂಕಿನ ಖಾತೆ ಇವು ಜೋಡಿಸಲ್ಪಟ್ಟಿವೆ. ಬೆಳೆ ಸಮೀಕ್ಷೆಯಲ್ಲಿ ಪ್ರತಿಯೊಂದು ತಾಕಿನ ಬೆಳೆಯನ್ನೂ ಮೊಬೈಲಿನಿಂದ ಛಾಯಾಚಿತ್ರ ತೆಗೆದು ದಾಖಲು ಮಾಡುವರು. ೨೦೨೦ನೆಯ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆಯನ್ನು ದಾಖಲಿಸಲು ಅನುಕೂಲ ಮಾಡಲಾಯಿತು. ಇವುಗಳ ಜೊತೆಗೆ ಮಣ್ಣಿನ ಆರೋಗ್ಯದ ಚೀಟಿ, ಬೆಳೆ ವಿಮೆಯ ಅರ್ಜಿ, ಸಹಕಾರ ಸಂಘದ ಸಾಲದ ಲೆಕ್ಕ ಮುಂತಾದುವು ಬೇರೆ.

ಒಂದೊಂದು ಲೆಕ್ಕವೂ ಪ್ರತ್ಯೇಕವಾಗಿರುವಾಗ ಅದರಿಂದ ತಿಳಿಯುವುದು ಸ್ವಲ್ಪ. ಎಲ್ಲವನ್ನೂ ಒಂದೇ ಸಂಖ್ಯೆಯ ಮೂಲಕ ಕೂಡಿಸಿದಾಗ ಒಬ್ಬ ಗೃಹಸ್ಥನ ಸಂಸಾರದ ಚಿತ್ರವೇ ಕಣ್ಣಿಗೆ ಕಟ್ಟುವುದು. ಲೆಕ್ಕವನ್ನು ಕೂಡಿಸುವುದರಿಂದ ಪರಿಹಾರವು ಬೇಗನೆ ಖಾತೆಗೆ ಬರುವುದೆಂಬುದು ನಿಜ. ಕೂಡಿದ ಲೆಕ್ಕವನ್ನು ಹೆಚ್ಚು ಎಚ್ಚರಿಕೆಯಿಂದ ಕಾಯಬೇಕೆಂಬುದೂ ಅಷ್ಟೇ ನಿಜ.

ಯಂತ್ರಬುದ್ಧಿಯೆಂದರೇನು?

ನಲವತ್ತು ವರ್ಷ ಎರೆಹೊಲದಲ್ಲಿ ಕಡಲೆ ಬೆಳೆದ ಹಿರಿಯನು ಎಲೆಯನ್ನು ನೋಡಿದೊಡನೆ ಇದು ಸಿಡಿರೋಗವೋ ಕಾಯಿಕೊರಕದ ಹಾವಳಿಯೋ ಎಂದು ಹೇಳಬಲ್ಲನು. ಅವನು ಇದನ್ನು ಕಲಿತುದು ಸೂತ್ರಗಳಿಂದಲ್ಲ. ಸಾವಿರಾರು ಗಿಡಗಳನ್ನು ಕಂಡು. ಯಂತ್ರಬುದ್ಧಿಯೂ ಹೀಗೆಯೇ ಕಲಿಯುವುದು. ಲಕ್ಷಾಂತರ ಎಲೆಗಳ ಚಿತ್ರಗಳನ್ನೂ, ಪ್ರತಿಯೊಂದರ ರೋಗ ಯಾವುದೆಂಬುದನ್ನೂ ಅದರ ಮುಂದಿಟ್ಟರೆ, ಅದು ತನ್ನೊಳಗಿನ ಅಂಕಿಗಳನ್ನು ಸ್ವಲ್ಪಸ್ವಲ್ಪವಾಗಿ ತಿದ್ದಿಕೊಳ್ಳುತ್ತ ಹೊಸ ಎಲೆಯ ರೋಗವನ್ನೂ ಊಹಿಸುವಂತಾಗುವುದು. ಈ ಅಂಕಿಗಳ ಸಮೂಹಕ್ಕೆ ಮಾದರಿಯೆಂದು ಹೆಸರು.

ಇದರ ಪ್ರಯೋಗವು ನಮ್ಮ ನೆರೆಯಲ್ಲಿಯೇ ನಡೆದಿದೆ. ೨೦೧೬ರಲ್ಲಿ ಕರ್ನೂಲು ಜಿಲ್ಲೆಯ ದೇವನಕೊಂಡ ಪ್ರದೇಶದಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯೂ ಮೈಕ್ರೋಸಾಫ್ಟ್ ಕಂಪನಿಯೂ ಕೂಡಿ, ಹಿಂದಿನ ೩೦ ವರ್ಷಗಳ ಹವೆಯ ಲೆಕ್ಕವನ್ನು ಯಂತ್ರಕ್ಕೆ ಕಲಿಸಿ, ಶೇಂಗಾ ಬಿತ್ತತಕ್ಕ ಕಾಲವನ್ನು ೧೭೫ ಮಂದಿ ರೈತರಿಗೆ ಮೊಬೈಲಿನ ಮೂಲಕ ತಿಳಿಸಿದುವು. ೨೦೧೭ರಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗವು ತೊಗರಿಯ ಧಾರಣೆಯನ್ನು ಮುಂಚಿತವಾಗಿ ಅಂದಾಜು ಮಾಡುವ ಕೆಲಸಕ್ಕೆ ಇಂಥ ಯಂತ್ರದ ನೆರವನ್ನು ಪಡೆಯಲು ಏರ್ಪಾಡು ಮಾಡಿಕೊಂಡಿತು. ೨೦೨೪ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಕೀಟಗಳ ಚಿತ್ರವನ್ನು ನೋಡಿ ಗುರುತಿಸತಕ್ಕ ರಾಷ್ಟ್ರೀಯ ಕೀಟ ಸಮೀಕ್ಷಾ ವ್ಯವಸ್ಥೆಯನ್ನು ಆರಂಭಿಸಿತು.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಯಂತ್ರವು ತಾನು ಕಂಡುದನ್ನು ಮಾತ್ರ ಬಲ್ಲುದು. ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೆಳಗಿರುವ ಗಂಗಾವತಿಯ ಗದ್ದೆಗಳೂ, ಅಲ್ಲಿ ಜವುಳು ಹಿಡಿದು ಸವಳಾದ ತಾಕುಗಳೂ ಒಂದು ಬಗೆ. ಮಳೆಯನ್ನೇ ನಂಬಿರುವ ಯಲಬುರ್ಗಾದ ಎರೆಹೊಲಗಳೂ ಕುಷ್ಟಗಿಯ ಮಸಾರಿ ಭೂಮಿಯೂ ಮತ್ತೊಂದು ಬಗೆ. ಒಂದೇ ಜಿಲ್ಲೆಯೊಳಗೆ ಇಷ್ಟು ಭೇದವಿರುವಾಗ, ದೂರದೇಶದ ಹೊಲಗಳನ್ನು ನೋಡಿ ಕಲಿತ ಯಂತ್ರವು ಇಲ್ಲಿನ ರೈತನಿಗೆ ಹೇಳುವ ಸಲಹೆಯು ತಪ್ಪಾಗುವ ಸಂಭವವೇ ಹೆಚ್ಚು. ಆದುದರಿಂದ ನಮ್ಮ ಲೆಕ್ಕವನ್ನು ಕೊಡುವುದೇ ಇಲ್ಲವೆಂದು ಕೂತರೆ ನಷ್ಟವು ನಮ್ಮದೇ. ಸಮೀಕ್ಷೆಯಲ್ಲಿ ಬೇಕೆಂದೇ ತಪ್ಪು ಬೆಳೆಯನ್ನು ಬರೆಸಿದರಂತೂ ನಷ್ಟವು ಇಮ್ಮಡಿಯಾಗುವುದು. ವಿಮೆಗೆ ಬರೆಸಿದ ಬೆಳೆಯು ಸಮೀಕ್ಷೆಯ ಬೆಳೆಯೊಡನೆ ತಾಳೆಯಾಗದಿದ್ದರೆ ಪರಿಹಾರಕ್ಕೆ ಅಡ್ಡಿಯುಂಟಾಗುವುದು. ಹೀಗೆ ಕೊಡದೆ ಇರುವಂತೆಯೂ ಇಲ್ಲ, ಕಣ್ಣುಮುಚ್ಚಿ ಕೊಡುವಂತೆಯೂ ಇಲ್ಲ. ಕೊಡುವ ರೀತಿಯನ್ನು ತಿಳಿಯುವುದೊಂದೇ ದಾರಿ.

ಹೆಸರನ್ನು ಅಳಿಸಿದರೆ ಸಾಲದು

ಹೆಸರನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದುಹಾಕಿ ಉಳಿದ ಲೆಕ್ಕವನ್ನು ಕೊಟ್ಟರೆ ಗುಟ್ಟು ಉಳಿಯುವುದೆಂದು ಬಹುಮಂದಿ ಭಾವಿಸಿರುವರು. ಇದು ಸಾಲದು. ಕುಷ್ಟಗಿ ತಾಲ್ಲೂಕಿನ ಒಂದು ಊರಿನಲ್ಲಿ ದಾಳಿಂಬೆಯ ತೋಟವಿರುವುದು ಒಬ್ಬರಿಗೆ ಮಾತ್ರವೆಂದು ಇಟ್ಟುಕೊಳ್ಳೋಣ. ಆ ಊರಿನ ಹೆಸರು, ದಾಳಿಂಬೆ, ೬ ಎಕರೆ, ಸಾಲ ಇಷ್ಟು ಲಕ್ಷ ಎಂದು ಪಟ್ಟಿಯಲ್ಲಿದ್ದರೆ, ಒಡೆಯನ ಹೆಸರನ್ನು ಅಳಿಸಿ ಪ್ರಯೋಜನವೇನು? ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವವನೂ ಆ ಹೆಸರನ್ನು ಹೇಳಬಲ್ಲನು.

ಇದು ಊಹೆಯ ಮಾತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ೧೯೯೭ರ ಸುಮಾರಿನಲ್ಲಿ ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿಯು ೨೦ ಡಾಲರು ತೆತ್ತು ಒಂದು ನಗರದ ಮತದಾರರ ಪಟ್ಟಿಯನ್ನು ಕೊಂಡು, ಹುಟ್ಟಿದ ದಿನ, ಲಿಂಗ, ಅಂಚೆ ವಿಭಾಗದ ಸಂಖ್ಯೆ ಈ ಮೂರನ್ನು ಮಾತ್ರ ತಾಳೆ ನೋಡಿ, ಆ ಸಂಸ್ಥಾನದ ಗವರ್ನರರ ಕಾಯಿಲೆಯ ದಾಖಲೆಯನ್ನೇ ಹೊರತೆಗೆದರು. ಗವರ್ನರರ ಗತಿಯೇ ಹೀಗಾದರೆ, ಸರ್ವೆ ನಂಬರು ಹೇಳಿದರೆ ಒಡೆಯನ ಹೆಸರು ತಾನಾಗಿ ಬರುವ ನಮ್ಮ ನಾಡಿನ ಪಟ್ಟಿಗಳ ಮಾತೇನು! ಪಹಣಿಯು ಯಾರು ಬೇಕಾದರೂ ನೋಡತಕ್ಕ ದಾಖಲೆ. ಆದಕಾರಣ ಸರ್ವೆ ನಂಬರಿರುವ ಯಾವ ಪಟ್ಟಿಯನ್ನೂ ಹೆಸರಿಲ್ಲದ ಪಟ್ಟಿಯೆಂದು ಎಣಿಸಕೂಡದು.

ಯಂತ್ರವು ಕಂಠಪಾಠ ಮಾಡುವ ದೋಷ

ಯಂತ್ರವು ಕಲಿತ ಮೇಲೆ ಮೂಲದ ಲೆಕ್ಕವನ್ನು ಅಳಿಸಿಬಿಟ್ಟರೆ ಭಯವಿಲ್ಲವಲ್ಲ, ಎಂದು ಕೇಳಬಹುದು. ಒಳ್ಳೆಯ ವಿದ್ಯಾರ್ಥಿಯು ಪಾಠದ ಸಾರವನ್ನು ಗ್ರಹಿಸುವನು. ಮಂದನಾದವನು ಪುಸ್ತಕದ ಸಾಲುಗಳನ್ನೇ ಬಾಯಿಪಾಠ ಮಾಡುವನು. ಯಂತ್ರದಲ್ಲಿ ಈ ಎರಡು ಗುಣಗಳೂ ಇವೆ. ೨೦೧೭ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಒಬ್ಬನ ದಾಖಲೆಯನ್ನು ಯಂತ್ರಕ್ಕೆ ಕಲಿಸಲಾಗಿತ್ತೇ ಇಲ್ಲವೇ ಎಂಬುದನ್ನು ಯಂತ್ರದ ಉತ್ತರಗಳಿಂದಲೇ ಅನೇಕ ವೇಳೆ ಪತ್ತೆಹಚ್ಚಬಹುದೆಂದು ತೋರಿಸಿತು. ೨೦೨೧ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯಲ್ಲಿ ಜಿಪಿಟಿ-೨ ಎಂಬ ಭಾಷಾಯಂತ್ರವನ್ನು ಬಗೆಬಗೆಯಾಗಿ ಕೇಳಿ, ಅದು ಓದಿದ್ದ ಬರಹಗಳೊಳಗಿನ ಹೆಸರು, ದೂರವಾಣಿ ಸಂಖ್ಯೆ, ವಿಳಾಸ ಮುಂತಾದುವನ್ನು ಅಕ್ಷರಶಃ ಹೊರಡಿಸಲಾಯಿತು.

ಇಂಥ ದೋಷವು ಅಪರೂಪದ ದಾಖಲೆಗಳಲ್ಲಿ ಹೆಚ್ಚು. ನೂರಾರು ಮಂದಿ ಭತ್ತದ ಬೆಳೆಗಾರರೊಳಗೆ ಒಬ್ಬನ ಲೆಕ್ಕವು ಕರಗಿಹೋಗುವುದು. ಊರಿಗೊಬ್ಬನೇ ಇರುವ ದಾಳಿಂಬೆಯವನ ಲೆಕ್ಕವು ಕರಗದೆ ಉಳಿಯುವುದು. ಮೂಲದ ಕಾಗದವನ್ನು ಸುಟ್ಟರೂ, ಅದನ್ನು ಬಾಯಿಪಾಠ ಮಾಡಿದವನು ಇರುವ ತನಕ ಗುಟ್ಟು ಉಳಿಯಿತೆಂದು ಹೇಳಲಾಗದು. ಈ ದೋಷಕ್ಕೆ ವಿದ್ವಾಂಸರು ಕಂಡುಹಿಡಿದಿರುವ ಉಪಾಯಗಳಲ್ಲಿ ಮೂರು ಮುಖ್ಯವಾದುವು.

ಮೊದಲನೆಯ ಉಪಾಯ: ಲೆಕ್ಕವನ್ನು ಊರಿನಲ್ಲಿಯೇ ಇರಿಸುವುದು

ಸಾಮಾನ್ಯವಾಗಿ ಎಲ್ಲ ಊರುಗಳ ಲೆಕ್ಕವನ್ನೂ ಒಂದು ಕಡೆಗೆ ತರಿಸಿ ಯಂತ್ರಕ್ಕೆ ಕಲಿಸುವರು. ಇದಕ್ಕೆ ಬದಲಾಗಿ ಯಂತ್ರವನ್ನೇ ಊರೂರಿಗೆ ಕಳುಹಿಸಬಹುದು. ೨೦೧೬-೧೭ರಲ್ಲಿ ಗೂಗಲ್ ಕಂಪನಿಯ ಸಂಶೋಧಕರು ಮೊಬೈಲುಗಳಿಗಾಗಿ ಪ್ರಚಾರಕ್ಕೆ ತಂದ ಈ ಕ್ರಮಕ್ಕೆ ಫೆಡರೇಟೆಡ್ ಲರ್ನಿಂಗ್ ಎಂದು ಹೆಸರು. ಸಂಯುಕ್ತ ಕಲಿಕೆಯೆಂದು ಕರೆಯಬಹುದು. ಇದರ ರೀತಿಯು ಹೀಗೆ: ಪ್ರತಿಯೊಂದು ಸಹಕಾರ ಸಂಘದ ಗಣಕಯಂತ್ರಕ್ಕೂ ಅರೆಕಲಿತ ಮಾದರಿಯೊಂದು ಬರುವುದು. ಅದು ಆ ಸಂಘದ ಲೆಕ್ಕವನ್ನು ಅಲ್ಲಿಯೇ ಓದಿ, ತನ್ನ ಅಂಕಿಗಳನ್ನು ಎಷ್ಟೆಷ್ಟು ತಿದ್ದಿಕೊಳ್ಳಬೇಕೆಂಬ ತಿದ್ದುಪಡಿಯನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುವುದು. ಕೇಂದ್ರದಲ್ಲಿ ಎಲ್ಲ ಸಂಘಗಳ ತಿದ್ದುಪಡಿಗಳನ್ನು ಕೂಡಿಸಿ ಸರಾಸರಿ ತೆಗೆದು, ಹೊಸ ಮಾದರಿಯನ್ನು ಪುನಃ ಊರೂರಿಗೆ ಕಳುಹಿಸುವರು. ಖಾತೆಪುಸ್ತಕವು ಸಂಘದ ಬಾಗಿಲನ್ನು ದಾಟುವುದೇ ಇಲ್ಲ.

ಈ ಉಪಾಯದಲ್ಲಿ ಒಂದು ಕೊರತೆಯುಂಟು. ಒಂದೇ ಸಂಘದ ತಿದ್ದುಪಡಿಯನ್ನು ಬೇರೆಯಾಗಿ ಪರೀಕ್ಷಿಸಿದರೆ ಅದರೊಳಗಿನ ಲೆಕ್ಕದ ಸುಳಿವು ಸಿಕ್ಕಬಹುದು. ಆದುದರಿಂದ ಎರಡನೆಯ ಉಪಾಯವು ಬೇಕಾಗುವುದು.

ಎರಡನೆಯ ಉಪಾಯ: ಮರೆಮಾಡಿ ಕೂಡಿಸುವುದು

ಮೂವರು ಗೃಹಸ್ಥರು ತಮ್ಮ ತಮ್ಮ ಸಾಲವನ್ನು ಯಾರಿಗೂ ಹೇಳದೆ, ಒಟ್ಟು ಮೊತ್ತವನ್ನು ಮಾತ್ರ ಬ್ಯಾಂಕಿಗೆ ತಿಳಿಸಬೇಕಾಗಿದೆ ಎಂದು ಭಾವಿಸಿರಿ. ಗಂಗಾವತಿಯವರ ಸಾಲ ೪೦ ಸಾವಿರ, ಕುಷ್ಟಗಿಯವರದು ೭೦ ಸಾವಿರ, ಯಲಬುರ್ಗಾದವರದು ೧೦ ಸಾವಿರ. ಇವರು ಇಬ್ಬಿಬ್ಬರಾಗಿ ಮನಸ್ಸಿಗೆ ಬಂದ ಒಂದೊಂದು ಸಂಖ್ಯೆಯನ್ನು ಗುಟ್ಟಾಗಿ ಗೊತ್ತುಮಾಡಿಕೊಳ್ಳುವರು. ಗಂಗಾವತಿಯವರೂ ಕುಷ್ಟಗಿಯವರೂ ೩೫ ಎಂದು ಗೊತ್ತುಮಾಡಿದರು. ಮೊದಲಿನವರು ಅದನ್ನು ಕೂಡಿಸುವರು, ಎರಡನೆಯವರು ಕಳೆಯುವರು. ಕುಷ್ಟಗಿಯವರೂ ಯಲಬುರ್ಗಾದವರೂ ೫೦ ಎಂದು ಗೊತ್ತುಮಾಡಿದರು. ಕುಷ್ಟಗಿಯವರು ಕೂಡಿಸುವರು, ಯಲಬುರ್ಗಾದವರು ಕಳೆಯುವರು. ಯಲಬುರ್ಗಾದವರೂ ಗಂಗಾವತಿಯವರೂ ೭೦ ಎಂದು ಗೊತ್ತುಮಾಡಿದರು. ಯಲಬುರ್ಗಾದವರು ಕೂಡಿಸುವರು, ಗಂಗಾವತಿಯವರು ಕಳೆಯುವರು.

ಈಗ ಗಂಗಾವತಿಯವರು ಕಳುಹಿಸುವ ಅಂಕಿಯು ೪೦ಕ್ಕೆ ೩೫ ಕೂಡಿ ೭೦ ಕಳೆದು ೫. ಕುಷ್ಟಗಿಯವರದು ೭೦ರಲ್ಲಿ ೩೫ ಕಳೆದು ೫೦ ಕೂಡಿ ೮೫. ಯಲಬುರ್ಗಾದವರದು ೧೦ರಲ್ಲಿ ೫೦ ಕಳೆದು ೭೦ ಕೂಡಿ ೩೦. ಬ್ಯಾಂಕಿನವರು ೫, ೮೫, ೩೦ ಇವನ್ನು ಕೂಡಿಸಿದರೆ ೧೨೦ ಸಾವಿರ ಬರುವುದು. ನಿಜವಾದ ಮೊತ್ತವೂ ಅದೇ. ಆದರೆ ಯಾರ ಸಾಲ ಎಷ್ಟೆಂಬುದು ಬ್ಯಾಂಕಿಗೆ ತಿಳಿಯಲಿಲ್ಲ. ಗಣಕಯಂತ್ರಗಳು ಸಾವಿರಾರು ಸಂಘಗಳ ತಿದ್ದುಪಡಿಗಳನ್ನು ಇದೇ ತತ್ತ್ವದಿಂದ ಮರೆಮಾಡಿ ಕೂಡಿಸಬಲ್ಲುವು. ಇದರಲ್ಲಿಯೂ ಎಚ್ಚರಿಕೆ ಬೇಕು: ಇಬ್ಬರು ಒಳಗೊಳಗೇ ಕೂಡಿಕೊಂಡು ತಮ್ಮ ಅಂಕಿಗಳನ್ನು ಹೊರಗೆಡಹಿದರೆ ಮೂರನೆಯವರ ಗುಟ್ಟು ಬಯಲಾಗುವುದು. ಸೇರಿದವರು ಹೆಚ್ಚಾದಷ್ಟೂ ಭದ್ರತೆಯು ಹೆಚ್ಚು.

ಮೂರನೆಯ ಉಪಾಯ: ನಾಣ್ಯದ ಮರೆ

ಮೊತ್ತವನ್ನು ಮಾತ್ರ ಪ್ರಕಟಿಸಿದರೂ ಗುಟ್ಟು ಕೆಲವೊಮ್ಮೆ ನಿಲ್ಲದು. ಸಂಘದ ೨೫ ಮಂದಿಯ ಬಾಕಿಯ ಮೊತ್ತವನ್ನು ಈ ತಿಂಗಳು ಪ್ರಕಟಿಸಿ, ಮುಂದಿನ ತಿಂಗಳು ಒಬ್ಬರು ಬಿಟ್ಟ ಮೇಲೆ, ಉಳಿದವರ ಬಾಕಿಯು ಬದಲಾಗದಿರುವಾಗ, ೨೪ ಮಂದಿಯ ಮೊತ್ತವನ್ನು ಪ್ರಕಟಿಸಿದರೆ, ಒಂದರಿಂದ ಒಂದನ್ನು ಕಳೆದವನಿಗೆ ಬಿಟ್ಟವರ ಬಾಕಿಯು ತಿಳಿದುಹೋಯಿತು. ಇದಕ್ಕೆ ಮದ್ದೆಂದರೆ ಲೆಕ್ಕದಲ್ಲಿ ತಿಳಿದೂ ತಿಳಿದೂ ಸ್ವಲ್ಪ ಕಲಬೆರಕೆ ಮಾಡುವುದು. ಕೇಳುವುದಕ್ಕೆ ವಿಚಿತ್ರವಾಗಿ ತೋರಿದರೂ ಇದರಲ್ಲಿ ಒಳ್ಳೆಯ ಗಣಿತವಿದೆ. ೧೯೬೫ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬವರು ಪ್ರಕಟಿಸಿದ ಉಪಾಯದ ಒಂದು ರೂಪವನ್ನು ಇಲ್ಲಿ ವಿವರಿಸುವೆವು.

೪೦೦ ಮನೆಗಳ ಊರಿನಲ್ಲಿ ಎಷ್ಟು ಮನೆಗಳವರು ಖಾಸಗಿ ಸಾಲದಲ್ಲಿರುವರೆಂದು ತಿಳಿಯಬೇಕಾಗಿದೆ. ನೇರವಾಗಿ ಕೇಳಿದರೆ ನಿಜ ಹೊರಡದು. ಅದಕ್ಕಾಗಿ ಪ್ರತಿಯೊಬ್ಬ ಯಜಮಾನನೂ ಮರೆಯಲ್ಲಿ ನಾಣ್ಯವನ್ನು ಚಿಮ್ಮಲಿ. ಸಿಂಹಮುದ್ರೆ ಮೇಲಾದರೆ ನಿಜವನ್ನು ಹೇಳಲಿ. ಅಂಕಿ ಮೇಲಾದರೆ ಇನ್ನೊಮ್ಮೆ ಚಿಮ್ಮಿ, ಸಿಂಹಮುದ್ರೆ ಬಂದರೆ ಹೌದು ಎಂದೂ ಅಂಕಿ ಬಂದರೆ ಅಲ್ಲ ಎಂದೂ ಹೇಳಲಿ. ಈಗ ಒಬ್ಬನು ಹೌದೆಂದರೆ ಅವನು ಸಾಲಗಾರನೆಂದು ಬೆರಳು ತೋರಿಸುವಂತಿಲ್ಲ; ನಾಣ್ಯವು ಹಾಗೆ ಹೇಳಿಸಿತೆಂದು ಅವನು ಹೇಳಬಹುದು. ಆದರೂ ಊರಿನ ಲೆಕ್ಕವು ಸಿಕ್ಕುವುದು. ೪೦೦ರಲ್ಲಿ ಕಾಲುಭಾಗ, ಎಂದರೆ ೧೦೦ ಹೌದುಗಳು, ಕೇವಲ ನಾಣ್ಯದಿಂದ ಬಂದಿರಬೇಕು. ಒಟ್ಟು ೧೬೦ ಹೌದುಗಳು ಬಂದಿದ್ದರೆ, ೧೦೦ ಕಳೆದು ೬೦ ಉಳಿಯುವುದು. ನಿಜ ಹೇಳಿದವರು ಅರ್ಧಮಂದಿಯಾದುದರಿಂದ ಇದನ್ನು ಇಮ್ಮಡಿಸಿ, ಸುಮಾರು ೧೨೦ ಮನೆಗಳು ಸಾಲದಲ್ಲಿವೆಯೆಂದು ತಿಳಿಯಬಹುದು.

ನಾಣ್ಯವು ಪ್ರತಿಸಲವೂ ಸರಿಯಾಗಿ ಅರ್ಧರ್ಧ ಬೀಳದಾದ್ದರಿಂದ ಈ ೧೨೦ರಲ್ಲಿ ಹೆಚ್ಚುಕಡಿಮೆ ೧೭ರಷ್ಟು ವ್ಯತ್ಯಾಸವು ಸಾಮಾನ್ಯ. ಇದೇ ಕ್ರಮವನ್ನು ೪೦,೦೦೦ ಮನೆಗಳಲ್ಲಿ ಮಾಡಿದರೆ ೧೨,೦೦೦ಕ್ಕೆ ವ್ಯತ್ಯಾಸವು ಸುಮಾರು ೧೭೩ ಮಾತ್ರ. ಎಂದರೆ ಜನರು ಹೆಚ್ಚಾದಷ್ಟೂ ಲೆಕ್ಕವು ಖಚಿತವಾಗುವುದು, ಒಬ್ಬೊಬ್ಬರ ಗುಟ್ಟು ಮಾತ್ರ ಮೊದಲಿನಷ್ಟೇ ಉಳಿಯುವುದು. ಇದಕ್ಕೆ ಪ್ರತಿಯಾಗಿ ೪೦ ಮನೆಗಳ ಹಳ್ಳಿಯಲ್ಲಿ ಈ ಲೆಕ್ಕವನ್ನು ನಂಬುವಂತಿಲ್ಲ.

ಇಂಥ ಮರೆಯು ಎಷ್ಟರಮಟ್ಟಿಗೆ ಭದ್ರವೆಂಬುದನ್ನು ಅಳೆಯುವ ಗಣಿತವನ್ನು ೨೦೦೬ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಅವರ ಸಂಗಡಿಗರು ರೂಪಿಸಿದರು. ಅದಕ್ಕೆ ಡಿಫರೆನ್ಷಿಯಲ್ ಪ್ರೈವಸಿ ಎಂದು ಹೆಸರು. ಅದರ ಸಾರವಿಷ್ಟೆ: ಒಬ್ಬನ ಲೆಕ್ಕವು ಸೇರಿದ್ದರೂ ಸೇರದಿದ್ದರೂ ಹೊರಬೀಳುವ ಉತ್ತರದಲ್ಲಿ ಗಣನೀಯ ಭೇದವು ಕಾಣಬಾರದು. ೨೦೧೬ರಲ್ಲಿ ಇದನ್ನು ಯಂತ್ರಬುದ್ಧಿಯ ಕಲಿಕೆಗೂ ಅಳವಡಿಸುವ ಕ್ರಮವು ಪ್ರಕಟವಾಯಿತು. ಅದರಂತೆ ಪ್ರತಿಯೊಬ್ಬನ ದಾಖಲೆಯು ಮಾದರಿಯನ್ನು ತಿದ್ದತಕ್ಕ ಪ್ರಮಾಣಕ್ಕೆ ಒಂದು ಮಿತಿಯನ್ನು ಕಟ್ಟಿ, ಮೇಲೆ ಸ್ವಲ್ಪ ಕಲಬೆರಕೆಯ ಅಂಕಿಯನ್ನು ಸೇರಿಸುವರು. ಅಮೆರಿಕದ ೨೦೨೦ರ ಜನಗಣತಿಯ ಅಂಕಿಗಳನ್ನು ಈ ತತ್ತ್ವದ ಮೇಲೆಯೇ ಪ್ರಕಟಿಸಲಾಯಿತು. ಸಣ್ಣ ಊರುಗಳ ಅಂಕಿಗಳು ಇದರಿಂದ ವ್ಯತ್ಯಾಸಗೊಂಡುವೆಂಬ ಆಕ್ಷೇಪಣೆಯೂ ಅಲ್ಲಿ ಬಂದಿತು.

ಈ ಉಪಾಯಗಳ ಮಿತಿಗಳು

ಮೊದಲನೆಯದಾಗಿ, ಒಬ್ಬನನ್ನೇ ಅದೇ ಪ್ರಶ್ನೆಯನ್ನು ಹಲವು ಸಲ ಕೇಳಿದರೆ ನಾಣ್ಯದ ಮರೆ ಹರಿಯುವುದು. ಸಾಲವಿದ್ದವನು ೨೦ ಸಲದಲ್ಲಿ ಸುಮಾರು ೧೫ ಸಲ ಹೌದೆನ್ನುವನು, ಇಲ್ಲದವನು ಸುಮಾರು ೫ ಸಲ ಮಾತ್ರ. ಆದುದರಿಂದ ಒಂದೇ ಲೆಕ್ಕದಿಂದ ಎಷ್ಟು ಸಲ ಉತ್ತರ ತೆಗೆಯಬಹುದೆಂಬುದಕ್ಕೆ ಮೇರೆ ಇರತಕ್ಕದ್ದು.

ಎರಡನೆಯದಾಗಿ, ಕಲಬೆರಕೆಯು ಒಟ್ಟುಲೆಕ್ಕಕ್ಕೆ ಮಾತ್ರ ತಕ್ಕದ್ದು. ಪಹಣಿಯಲ್ಲಿಯೂ ವಿಮೆಯ ದಾಖಲೆಯಲ್ಲಿಯೂ ಬೆಳೆ ಸಮೀಕ್ಷೆಯಲ್ಲಿಯೂ ಪ್ರತಿಯೊಬ್ಬನ ಲೆಕ್ಕವು ಗುಂಟೆಗೆ ಗುಂಟೆ ಸರಿಯಾಗಿರಬೇಕು. ಗುಟ್ಟಿನ ನೆಪದಿಂದ ಇಲ್ಲಿ ತಪ್ಪು ಬರೆಸುವುದು ತನ್ನ ಹೊಲದ ಬದುವನ್ನು ತಾನೇ ಒಡೆದಂತೆ.

ಮೂರನೆಯದಾಗಿ, ಒಬ್ಬೊಬ್ಬನ ಗುಟ್ಟು ಉಳಿದರೂ ಊರಿನ ಗುಟ್ಟು ಉಳಿಯದಿರಬಹುದು. ಇಂಥ ಊರಿನಲ್ಲಿ ಕೊಳವೆಭಾವಿಗಳು ಬೇಗನೆ ಬತ್ತುವುವೆಂದು ಯಂತ್ರವು ಕಲಿತರೆ, ಯಾವೊಬ್ಬನ ಹೆಸರನ್ನೂ ಹೇಳದೆಯೇ ಆ ಊರಿನವರಿಗೆಲ್ಲ ಸಾಲ ಕೊಡಲು ಹಿಂದೆಗೆಯಬಹುದು. ಇದಕ್ಕೆ ಗಣಿತದಲ್ಲಿ ಮದ್ದಿಲ್ಲ. ಮಾಹಿತಿಯನ್ನು ಯಾವ ಕೆಲಸಕ್ಕೆ ಉಪಯೋಗಿಸಬಹುದು, ಯಾವುದಕ್ಕೆ ಕೂಡದು ಎಂಬುದನ್ನು ಮೊದಲೇ ಗೊತ್ತುಮಾಡುವುದೊಂದೇ ಮಾರ್ಗ. ಆ ಮಾರ್ಗವು ಕಾನೂನಿನದು.

ಕಾನೂನಿನ ಆಸರೆ

ಕೊಟ್ಟ ಲೆಕ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸಬಾರದೆಂಬ ತತ್ತ್ವವು ನಮ್ಮ ದೇಶಕ್ಕೆ ಹೊಸದಲ್ಲ. ೧೯೪೮ನೆಯ ಜನಗಣತಿ ಕಾಯಿದೆಯ ೧೫ನೆಯ ಪ್ರಕರಣದ ಪ್ರಕಾರ, ಗಣತಿಯವರು ಬರೆದುಕೊಂಡ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ; ಅದನ್ನು ಸಿವಿಲ್ ದಾವೆಯಲ್ಲಿ ಸಾಕ್ಷ್ಯವಾಗಿ ತರುವಂತೆಯೂ ಇಲ್ಲ. ಈ ಭರವಸೆಯಿರುವುದರಿಂದಲೇ ಜನರು ಗಣತಿಯವರ ಮುಂದೆ ನಿಜವನ್ನು ಹೇಳಬಲ್ಲರು.

ಗುಟ್ಟನ್ನು ಉಳಿಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕೆಂದು ಸ್ಥಾಪಿಸಿದ ಮೊಕದ್ದಮೆಯು ಕನ್ನಡನಾಡಿನವರೊಬ್ಬರದೇ ಎಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ವಿಷಯವಾಗಿ ಹೂಡಿದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟಿನ ೯ ಮಂದಿ ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಈ ತೀರ್ಪನ್ನಿತ್ತರು. ೨೦೨೧ರ ಏಪ್ರಿಲಿನಲ್ಲಿ ಕೇಂದ್ರ ಕೃಷಿ ಮಂತ್ರಾಲಯವು ೬ ರಾಜ್ಯಗಳ ೧೦೦ ಗ್ರಾಮಗಳಲ್ಲಿ ರೈತರ ಲೆಕ್ಕಗಳ ಪ್ರಯೋಗಕ್ಕೆ ಖಾಸಗಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಾಗ, ಮಾಹಿತಿರಕ್ಷಣೆಯ ಕಾಯಿದೆಯಿಲ್ಲದೆ ಹೀಗೆ ಮಾಡುವುದು ಸರಿಯಲ್ಲವೆಂದು ರೈತ ಸಂಘಗಳೂ ಇತರರೂ ಆಕ್ಷೇಪಿಸಿದರು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ೨೦೨೩ರ ಆಗಸ್ಟಿನಲ್ಲಿ ಆಯಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಇವು ಹಂತಹಂತವಾಗಿ ಜಾರಿಗೆ ಬರತಕ್ಕವು. ಮಾಹಿತಿ ಪಡೆಯುವವರ ಮುಖ್ಯ ಕರ್ತವ್ಯಗಳಿಗೆ ೧೮ ತಿಂಗಳ ಅವಧಿಯನ್ನು ಕೊಡಲಾಗಿದೆ.

ಈ ಕಾಯಿದೆಯಂತೆ ಒಪ್ಪಿಗೆ ಕೇಳುವವನು ಯಾವ ಮಾಹಿತಿಯನ್ನು ಯಾವ ಕೆಲಸಕ್ಕೆ ಪಡೆಯುವನೆಂಬುದನ್ನು ತಿಳಿಸಬೇಕು. ಕನ್ನಡದಲ್ಲಿ ಓದುವ ಅವಕಾಶವನ್ನು ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ತಪ್ಪನ್ನು ತಿದ್ದಿಸಬಹುದು, ಕೆಲಸ ಮುಗಿದ ಮೇಲೆ ಅಳಿಸೆಂದು ಕೇಳಬಹುದು. ಭದ್ರತೆಯಲ್ಲಿ ತಪ್ಪಿದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶವಿದೆ. ಆದರೆ ಸಹಾಯಧನ, ಪರಿಹಾರ ಮುಂತಾದುವನ್ನು ಕೊಡುವ ನಿಮಿತ್ತ ಸರ್ಕಾರವು ಬೇರೆ ಒಪ್ಪಿಗೆಯಿಲ್ಲದೆಯೂ ಗೊತ್ತಾದ ನಿಯಮಗಳಿಗೊಳಪಟ್ಟು ಮಾಹಿತಿಯನ್ನು ಬಳಸಬಹುದೆಂಬುದನ್ನೂ ತಿಳಿದಿರತಕ್ಕದ್ದು.

ಗ್ರಾಮಪ್ರಮುಖರು ಮಾಡತಕ್ಕ ಕೆಲಸ

ಮಾಹಿತಿಯನ್ನು ಕೇಳಿಕೊಂಡು ಬರುವವರು ಮೊದಲು ಬರುವುದು ಊರಿನ ಹಿರಿಯರ ಬಳಿಗೆ. ಹಿರಿಯರು ಒಪ್ಪಿದರೆ ಊರು ಒಪ್ಪಿದಂತೆ. ಆದುದರಿಂದ ಜವಾಬ್ದಾರಿಯೂ ಅವರ ಮೇಲೆಯೇ ಹೆಚ್ಚು. ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕು.

೧. ಬಂದವರು ಸರ್ಕಾರದವರೋ ಕಂಪನಿಯವರೋ ಎಂಬುದನ್ನು ಗುರುತಿನ ಚೀಟಿಯಿಂದ ತಿಳಿಯತಕ್ಕದ್ದು. ಕಂಪನಿಯವರಾದರೆ ಉದ್ದೇಶವನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳತಕ್ಕದ್ದು.

೨. ಐದು ಪ್ರಶ್ನೆಗಳನ್ನು ತಪ್ಪದೆ ಹಾಕತಕ್ಕದ್ದು: ಯಾವ ಮಾಹಿತಿ ಬೇಕು? ಯಾವ ಕೆಲಸಕ್ಕೆ? ಲೆಕ್ಕವು ಎಲ್ಲಿ ಇರುವುದು? ಎಷ್ಟು ಕಾಲ ಇರುವುದು? ಬೇರೆಯವರಿಗೆ ಕೊಡುವಿರಾ? ಯಂತ್ರಕ್ಕೆ ಕಲಿಸುವುದಾದರೆ, ಒಬ್ಬೊಬ್ಬರ ಗುಟ್ಟನ್ನು ಕಾಯಲು ಮೇಲೆ ಹೇಳಿದ ಉಪಾಯಗಳಲ್ಲಿ ಯಾವುದನ್ನು ಅನುಸರಿಸುವಿರೆಂದೂ ಕೇಳಬಹುದು. ಹೆಸರನ್ನು ತೆಗೆಯುತ್ತೇವೆ ಎಂಬುದಷ್ಟೇ ಉತ್ತರವಾದರೆ ಅದು ಸಾಲದೆಂದು ತಿಳಿಯತಕ್ಕದ್ದು.

೩. ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೊಡತಕ್ಕದ್ದು. ಕೀಟದ ಚಿತ್ರವನ್ನು ಗುರುತಿಸಲು ಬ್ಯಾಂಕಿನ ಖಾತೆಯ ಸಂಖ್ಯೆ ಬೇಕಾಗಿಲ್ಲ.

೪. ಒಬ್ಬರ ಪರವಾಗಿ ಮತ್ತೊಬ್ಬರು ಒಪ್ಪಿಗೆ ಕೊಡಕೂಡದು. ಕೋರು ಮಾಡುವವರು, ಕೂಲಿಯವರು, ವಿಧವೆಯರು ಇವರ ಮಾಹಿತಿಗೆ ಅವರೇ ಒಡೆಯರು. ಹಿರಿಯರು ಎದುರಿಗೆ ಕೂತಿರುವುದರಿಂದಲೇ ಇಲ್ಲವೆನ್ನಲಾರದವರಿಗೆ ಇಲ್ಲವೆನ್ನುವ ಅವಕಾಶವನ್ನು ಕೊಡುವುದೇ ದೊಡ್ಡಸ್ತಿಕೆ.

೫. ಫಲಾನುಭವಿಗಳ ಪಟ್ಟಿಯನ್ನು ಆಧಾರ್ ಸಂಖ್ಯೆಯೊಡನೆ ಪಂಚಾಯಿತಿಯ ಗೋಡೆಗೆ ಅಂಟಿಸುವುದಾಗಲಿ ವಾಟ್ಸಾಪಿನಲ್ಲಿ ಹಂಚುವುದಾಗಲಿ ಕೂಡದು. ಇದು ಕಾಯಿದೆಗೆ ವಿರುದ್ಧ. ಗುರುತಿಗಾಗಿ ಪ್ರತಿ ಬೇಕಾದಲ್ಲಿ, ಕಡೆಯ ೪ ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡುವುದು ಉತ್ತಮ.

೬. ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಕೂಡದು. ಅದು ಪೆಟ್ಟಿಗೆಯ ಬೀಗದ ಕೈ ಇದ್ದಂತೆ.

೭. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ತಾಕಿಗೆ ದಾಖಲಾದ ಬೆಳೆಯು ಸರಿಯಾಗಿದೆಯೇ ಎಂದು ಪ್ರತಿಯೊಂದು ಹಂಗಾಮಿನಲ್ಲಿಯೂ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು. ತಪ್ಪು ಲೆಕ್ಕವು ರೈತನಿಗೂ ಕೇಡು, ಅದನ್ನು ನೋಡಿ ಕಲಿಯುವ ಯಂತ್ರಕ್ಕೂ ಕೇಡು.

ಸಮಾಪ್ತಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುವರು. ಯಂತ್ರಕ್ಕೆ ಹೇಳಿದ ಮಾತನ್ನು ಮರಳಿ ಪಡೆಯುವುದು ಇನ್ನೂ ಕಷ್ಟ. ಹಾಗೆಂದು ಬಾಯಿ ಕಟ್ಟಿಕೊಂಡು ಕೂತರೆ ಮುಂದಿನ ಹಂಗಾಮಿನಲ್ಲಿ ಕಾಯಿಕೊರಕವು ಯಾವ ಹೋಬಳಿಯಿಂದ ಎದ್ದಿತೆಂಬ ಮುನ್ಸೂಚನೆಯು ನಮ್ಮ ಹೊಲಕ್ಕೆ ಬಾರದು. ಒಟ್ಟಿನ ಲೆಕ್ಕವು ಎಲ್ಲರಿಗೂ ತಿಳಿಯಲಿ, ಒಬ್ಬೊಬ್ಬನ ಗುಟ್ಟು ಅವನ ಮನೆಯಲ್ಲಿಯೇ ಉಳಿಯಲಿ. ಈ ಎರಡೂ ಒಂದೇ ಕಾಲದಲ್ಲಿ ಸಾಧ್ಯವೆಂಬುದನ್ನು ಮೇಲಿನ ನಾಣ್ಯದ ಲೆಕ್ಕದಿಂದ ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಮೇಲ್ಕಂಡ ಐದು ಪ್ರಶ್ನೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಪಂಚಾಯಿತಿಯ ಬಾಗಿಲಲ್ಲಿ ತೂಗುಹಾಕಬೇಕೆಂದು ನಾಲ್ಕೂ ತಾಲ್ಲೂಕುಗಳ ಹಿರಿಯರನ್ನು ಕೋರುತ್ತೇವೆ.